ಹೊಸತೊಡಕಿನ ದಿನ ಅತ್ತೆ ಆಡಿದ ಮೊದಲ ಮಾತು

ಆ ದಿನ ಬೆಳಿಗ್ಗೆ ಬಾವಿಯಿಂದ ಹನ್ನೆರಡು ಬಿಂದಿಗೆ ನೀರು ಸೇದಿದೆ. ಅಂಗಳ ಸಾರಿಸಿ ರಂಗೋಲಿ ಇಟ್ಟೆ. ಹಿಂದಿನ ದಿನ ಹೋಳಿಗೆ ಬೇಯಿಸಿದ ಹೆಂಚು ಉಜ್ಜಿದೆ. ಜಯನಗರದ ಹೊಸ ಮನೆಗಳಿಗೆ ಹಾಲು ಹಾಕಲು ಹೊರಟ ನಮ್ಮ ಯಜಮಾನರ ಸೈಕಲ್ಲಿಗೆ ಕ್ಯಾನು ಕಟ್ಟಿಕೊಟ್ಟೆ. ಧನಿಯಾ ಹುರಿದೆ, ಬೆಳ್ಳುಳ್ಳಿ ಸುಲಿದೆ. ಇಷ್ಟೆಲ್ಲ ಮುಗಿದರೂ ಅತ್ತೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಜಯನಗರದ ಪಕ್ಕದ ಹಳ್ಳಿ ಸಾರಕ್ಕಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಯುಗಾದಿಗೆಂದು ಅತ್ತೆ ತಾವೇ ಆರಿಸಿದ ಹಸಿರು ಸೀರೆ ಕೊಟ್ಟಿದ್ದರು, ರವಿಕೆ ಸಮೇತ. ರವಿಕೆ ಬಿಗಿ, ತೋಳು ಏರಲೇ ಇಲ್ಲ. ಹೇಳಲು ನಾಚಿಕೆಯಾಗಿ ಹಬ್ಬದ ದಿನ ತವರಿನ ಸೀರೆ ಉಟ್ಟು ಹೊರಗೆ ಬಂದೆ. ಅತ್ತೆ ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅಲ್ಲಿಗೆ ಮಾತು ನಿಂತಿತು.

ಬೇರೆ ದಿನವಾಗಿದ್ದರೆ ತಾನಾಗಿ ಸರಿಹೋಗುತ್ತಿತ್ತೇನೋ. ಆದರೆ ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ಹೊಸತೊಡಕು. ಅಂದು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆಂದು ನಂಬಿಕೆ. ಅದಕ್ಕೇ ಎಲ್ಲ ಕೆಲಸವನ್ನೂ ಒಂಚೂರು ಮುಟ್ಟುತ್ತಾರೆ, ಮಕ್ಕಳ ಮೇಲೆ ಕೈ ಎತ್ತುವುದಿಲ್ಲ, ಹೊಟ್ಟೆ ತುಂಬ ಬಾಡೂಟ ಉಣ್ಣುತ್ತಾರೆ. ಹೊತ್ತು ಮುಳುಗುವುದರೊಳಗೆ ಅತ್ತೆ ಮಾತಾಡದಿದ್ದರೆ ನನ್ನ ಇಡೀ ವರ್ಷದ ಗತಿಯೇನು?

ಹಸಿರು ಸೀರೆಯನ್ನು ಹಳೆಯ ರವಿಕೆಯ ಮೇಲೆ ಉಟ್ಟುಕೊಂಡು ಅವರೆದುರು ಓಡಾಡಿದೆ. ಅತ್ತೆ ಎಮ್ಮೆಯ ಮೈ ತಿಕ್ಕುತ್ತಾ ಎಮ್ಮೆಗೇ ಹೇಳಿದರು: "ನೋಡಿದ್ಯೇನವ್ವಾ, ಕೆಲವ್ರಿಗೆ ಇವತ್ತು ನೆನಪಾಗೈತೆ."

ಜಗಲಿಯ ಮೇಲೆ ಕೂತಿದ್ದ ಮಾವ ನಕ್ಕರು. "ಲೇ, ಇವತ್ತು ತೊಡಕು ಕಣೇ. ವರ್ಷವೆಲ್ಲ ಎಮ್ಮೆ ಜೊತೇಲೇ ಮಾತಾಡ್ತೀಯಾ?"

"ಮಾತಾಡ್ತೀನಿ. ನಾನು ಕೊಟ್ಟಿದ್ದನ್ನ ಅದು ಮೂಸಿ ನೋಡಿ ಬಿಡಲ್ಲ."

ನಾನು ಮಾವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ತೊಡಕು ಅಂದ್ರೆ ಅಡ್ಡಿ ಅಲ್ವಾ ಮಾವ? ಹಬ್ಬಕ್ಕೆ ಯಾಕೆ ಆ ಹೆಸ್ರು?"

"ತೊಡಕು ಅಂದ್ರೆ ತೊಡರ್ಕೊಳ್ಳೋದು ಅಂತಿದ್ದ ನಮ್ಮಪ್ಪ. ಇವತ್ತು ಮಾಡಿದ್ದು ವರ್ಷಕ್ಕೆ ಅಂಟ್ಕೊಳ್ತದಂತೆ. ನಂಗೇನ್ ಗೊತ್ತವ್ವಾ, ಓದಿದವಳು ನೀನು."

ಕೊತ್ತಂಬರಿ ಸೊಪ್ಪು ಕೀಳಲು ಹಿತ್ತಲಿಗೆ ಹೋದೆ. ತಿರುಗುವಾಗ ಸೆರಗು ಬೇಲಿಯ ಮುಳ್ಳಿಗೆ ಸಿಕ್ಕಿತು. ಗಾಬರಿಯಲ್ಲಿ ಜಗ್ಗಿದೆ.

"ಎಳೀಬೇಡ ಕಣೇ! ನಿಂತ್ಕೋ ಅಲ್ಲೇ!"

ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. "ತೊಡರ್ಕೊಂಡಾಗ ಮುಂದಕ್ಕೆಳೆದ್ರೆ ಹರಿದೋಗ್ತದೆ. ಒಂದು ಹೆಜ್ಜೆ ಹಿಂದಕ್ಕೆ ಬಾ." ಒಂದೊಂದೇ ಮುಳ್ಳು ಬಿಡಿಸಿದರು. ಒಂದು ಎಳೆಯೂ ಹರಿಯಲಿಲ್ಲ.

"ರವಿಕೆ ಆಗ್ಲಿಲ್ಲ ಅತ್ತೆ. ತೋಳೇ ಏರಲಿಲ್ಲ."

"ಅಷ್ಟು ಹೇಳಕ್ಕೆ ಬಾಯಿಗೇನಾಗಿತ್ತು? ತವರಿನ ಸೀರೆ ಮುಂದೆ ನಂದು ಸಪ್ಪೆ ಆಯ್ತೇನೋ ಅಂತ ರಾತ್ರಿ ನಿದ್ದೆ ಇಲ್ಲ ನಂಗೆ. ತಾ, ಹೊಲಿಗೆ ಬಿಡಿಸ್ತೀನಿ. ಅಳಬೇಡ ಮತ್ತೆ! ಇವತ್ತು ಅತ್ರೆ ವರ್ಷವೆಲ್ಲ ಅಳ್ತೀಯ."

ಎಷ್ಟೋ ಕಾಲದ ಮೇಲೆ ನಿಘಂಟು ತೆಗೆದು ನೋಡಿದೆ. ತೊಡರು ಎಂದರೆ ಸುತ್ತಿಕೊಳ್ಳುವುದು, ಸಿಕ್ಕಿಕೊಳ್ಳುವುದು ಎಂದಿತ್ತು. ದಾರಿಗೆ ಅಡ್ಡ ಬಿದ್ದ ಕಲ್ಲಲ್ಲ ತೊಡಕು. ನಮ್ಮದೇ ಸೆರಗು, ಬೇಲಿಯ ಮುಳ್ಳು, ಎರಡೂ ಹೆಣೆದುಕೊಂಡದ್ದು. ಬಿಡಿಸುವುದಕ್ಕೆ ಕೈ ಬೇಕು, ಪುರುಸೊತ್ತು ಬೇಕು. ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಒದ್ದೆ ಕೈಗಳಿಂದ. ಆ ವರ್ಷವೆಲ್ಲ ಅತ್ತೆ ನನ್ನ ಜೊತೆ ಮಾತಾಡಿದರು. ಬೈದದ್ದೂ ಉಂಟು, ಅದೂ ಮಾತೇ.

ಆ ದಿನ ಊರವರು ಗುಡ್ಡೆ ಹಾಕಿ ಹಂಚಿಕೊಂಡ ಕುರಿ ಮಾಂಸದಲ್ಲಿ ನಮ್ಮ ಪಾಲನ್ನು ಯಜಮಾನರು ತಂದರು. ಮಧ್ಯಾಹ್ನ ಬಿಸಿ ಮುದ್ದೆ, ಸಾರು, ಈರುಳ್ಳಿ ಹೋಳು. ಮಾವ ಎರಡು ಸಲ ಸಾರು ಹಾಕಿಸಿಕೊಂಡರು. ಊಟವಾದ ಮೇಲೆ ಅತ್ತೆ ರವಿಕೆ ಹಿಡಿದು ಜಗಲಿಗೆ ಒರಗಿದರು. ಒಂದು ತೋಳು ಬಿಡಿಸಿದ್ದಾಗಿತ್ತು. ತಮ್ಮ ಅತ್ತೆಯ ಕಥೆ ಶುರುಮಾಡಿ, ಅರ್ಧದಲ್ಲೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.