ಅಗಸಿ ಹಿಂಡಿಯ ಸಂಶೋಧನೆ

ಶನಿವಾರ, ಪತ್ರಿಕೆಯ ಕಚೇರಿಯಿಂದ ನನ್ನ ಹೆಸರಿನ ಇನ್‌ಲ್ಯಾಂಡ್ ಪತ್ರವೊಂದು ಮನೆಗೆ ಬಂತು. ಬರೆದವರು ಹುನಗುಂದದ ನಿವೃತ್ತ ಶಿಕ್ಷಕಿ. ದುಂಡಗಿನ ಅಕ್ಷರ, ನೆಟ್ಟಗಿನ ಸಾಲು. ಮೆಚ್ಚುಗೆಯ ಪತ್ರ ಇರಬೇಕು ಎಂದುಕೊಂಡು ನಿಂತುಕೊಂಡೇ ಓದಿದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕುರ್ಚಿ ಬೇಕಾಯಿತು.

'ತಂಗೀ, ನಿಮ್ಮ ಅಂಕಣ ಓದಿ ಬಿ.ಪಿ. ಗುಳಿಗಿ ಬಿಟ್ಟೇನಿ. ದಿನಾ ಎರಡು ಚಮಚ ಅಗಸಿ ಹಿಂಡಿ ತಿನ್ನಾಕತ್ತೇನಿ. ಭಾಳ ಉಪಕಾರ ಆತು.'

ಮೆಚ್ಚುಗೆಯ ಪತ್ರವೇ ಹೌದು. ಮೆಚ್ಚಿದ್ದು ಯಾವುದನ್ನು?

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ನಾನು ಬರೆದದ್ದು ನಿಮಗೆ ನೆನಪಿರಬಹುದು. (ಇಲ್ಲದಿದ್ದರೆ ಇನ್ನೂ ಒಳ್ಳೆಯದು.) ಧಾರವಾಡದ ಹಾಸ್ಟೆಲ್ ಗೆಳತಿಯೊಬ್ಬಳು ಇ-ಮೇಲ್ ಕಳಿಸಿದ್ದಳು. ಕೆಂಪು ಅಕ್ಷರದ ತಲೆಬರಹ, ಕೊನೆಗೆ 'ಹತ್ತು ಜನರಿಗೆ ಫಾರ್ವರ್ಡ್ ಮಾಡಿ' ಎಂಬ ಆಜ್ಞೆ. ನಡುವೆ, ವಿದೇಶದ ದೊಡ್ಡ ವಿಶ್ವವಿದ್ಯಾಲಯವೊಂದರ ಸಂಶೋಧನೆ: ನಲವತ್ತು ದಿನ ಅಗಸೆ ತಿಂದರೆ ರಕ್ತದೊತ್ತಡಕ್ಕೆ ಗುಳಿಗೆಯೇ ಬೇಡ.

ಬೇರೆ ಯಾವ ಕಾಳಿನ ಹೆಸರಿದ್ದರೂ ನಾನು ಅದನ್ನು ಅಳಿಸಿಬಿಡುತ್ತಿದ್ದೆ. ಆದರೆ ಇದು ಅಗಸೆ. ಹುರಿದು, ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿ, ರೊಟ್ಟಿಯ ಪಕ್ಕ ನಾವು ದಿನಾ ಹಚ್ಚಿಕೊಳ್ಳುವ ಹಿಂಡಿ. ನಮ್ಮ ಅಡುಗೆಮನೆಯ ಡಬ್ಬಿಗೆ ವಿದೇಶದವರು ಕೈಮುಗಿದಿದ್ದಾರೆ ಎಂದು ಉಬ್ಬಿಹೋದೆ. ಮೇಲ್‌ನಲ್ಲಿ ಹಿಂಡಿಯ ಮಾತೇ ಇರಲಿಲ್ಲ. ಅದನ್ನು ಸೇರಿಸಿದವಳು ನಾನು.

ನಾನು ಓದಿದ್ದು ಸಂಖ್ಯಾಶಾಸ್ತ್ರ, ಎಂ.ಎಸ್ಸಿ. (ಇದನ್ನು ಇಲ್ಲಿಯವರೆಗೆ ಹೇಳಿರಲಿಲ್ಲ. ಹೇಳಲು ಇದಕ್ಕಿಂತ ಕೆಟ್ಟ ಸಂದರ್ಭ ಸಿಗಲಾರದು.)

ಪತ್ರ ಹಿಡಿದು ಸೈಬರ್ ಕೆಫೆಗೆ ಹೋದೆ. ಮೂರು ವಾರ ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ವಿಶ್ವವಿದ್ಯಾಲಯ ಇತ್ತು, ಮೇಲ್ ಹೇಳಿದ ವಿಜ್ಞಾನಿ ಅಲ್ಲಿ ಇರಲಿಲ್ಲ. ಹಾಗಂತ ಅವರು ಎಲ್ಲೂ ಇರಲಿಲ್ಲ ಎಂದಲ್ಲ. ಇನ್ನೊಂದು ವೆಬ್‌ಸೈಟಿನಲ್ಲಿ ಅದೇ ವಿಜ್ಞಾನಿ, ಅದೇ ನಲವತ್ತು ದಿನ, ಅದೇ ವಾಕ್ಯಗಳಲ್ಲಿ ಅಗಸೆಯ ಬದಲು ಅಕ್ರೋಟ ತಿನ್ನಿಸುತ್ತಿದ್ದರು. ಎಷ್ಟು ಜನರ ಮೇಲೆ ಪರೀಕ್ಷೆ, ಯಾವ ವರ್ಷ, ಪ್ರಕಟವಾದದ್ದು ಎಲ್ಲಿ? ಎಲ್ಲೂ ಇಲ್ಲ.

ಪತ್ರದಲ್ಲಿ ಫೋನ್ ನಂಬರ್ ಇರಲಿಲ್ಲ, ವಿಳಾಸ ಮಾತ್ರ ಇತ್ತು. ಓದುಗರನ್ನು ಭೇಟಿಯಾಗುವ ಅಭ್ಯಾಸ ನನಗಿಲ್ಲ. ಆದರೂ ರವಿವಾರ ಬೆಳಿಗ್ಗೆ ಬಾಗಲಕೋಟೆಯಿಂದ ಬಸ್ಸು ಹತ್ತಿದೆ. ಅಮೀನಗಡ ದಾಟುವವರೆಗೂ ಒಂದೇ ಯೋಚನೆ. ಬಾಗಿಲು ತೆರೆಯುವವರು ಯಾರು?

ಹುನಗುಂದದಲ್ಲಿ ಹೆಸರು ಹೇಳಿದೊಡನೆ 'ಗಣಿತದ ಅಕ್ಕೋರ ಮನಿ ಏನ್ರಿ?' ಎಂದು ಓಣಿ ತೋರಿಸಿದರು. ಬಾಗಿಲು ತೆರೆದದ್ದು ಅಕ್ಕೋರೇ. ಕೈಯಲ್ಲಿ ಮೊರ, ಮೊರದಲ್ಲಿ ಅಗಸೆ.

ನನ್ನ ಹೆಸರು ಹೇಳಿ, ಒಳಗೂ ಹೋಗದೆ ಕೇಳಿದೆ: "ಗುಳಿಗಿ ಇನ್ನೂ ತಗೊಳ್ಳಾಕತ್ತಿಲ್ಲೇನ್ರಿ ಅಕ್ಕೋರ?"

"ಮೊದಲ ಕುಂದ್ರು ತಂಗಿ, ನೀರ ಕುಡಿ. ಭಾಳ ಸಣ್ಣಾಕಿ ಅದಿ. ನಾ ವಯಸ್ಸಾದಾಕಿ ಬರೀತಾಳ ಅಂತ ತಿಳಿದಿದ್ದೆ."

ಪಡಸಾಲೆಯಿಂದ ಅವರ ಯಜಮಾನರು ಹೇಳಿದರು: "ಬಿಟ್ಟಿದ್ಲು, ಐದು ದಿನ. ಆಕಿ ಗುಳಿಗಿ ಬಿಟ್ಲು, ನಾ ಆಕೀನ್ನ ಬಿಡ್ಲಿಲ್ಲ. ನೀವು ಬರದಿದ್ದ ಪೇಪರ್ ಹಿಡಕೊಂಡ ದವಾಖಾನಿಗೆ ಕರಕೊಂಡ ಹೋದೆ."

"ಡಾಕ್ಟರು ಏನಂದ್ರು ಕಾಕಾ?"

"ಪೂರಾ ಓದಿದ್ರು. 'ಎಷ್ಟು ಮಂದಿಗೆ ತಿನಿಸಿ ನೋಡ್ಯಾರ್ರಿ ಅಕ್ಕೋರ?' ಅಂತ ಕೇಳಿದ್ರು. ಮೂವತ್ತು ವರ್ಷ ಗಣಿತ ಕಲಿಸಿದಾಕಿ, ಪೇಪರ್ ಇಸಕೊಂಡು ಆ ಸಂಖ್ಯೆ ಹುಡಕಾಕ ಹತ್ತಿದ್ಲು."

ಒತ್ತಡ ಏರಿತ್ತಂತೆ, ಆದರೆ ಅಪಾಯವಾಗುವ ಮೊದಲೇ ಸಿಕ್ಕಿತು. ಅಂದೇ ಗುಳಿಗೆ ಮತ್ತೆ ಶುರುವಾಗಿ, ಮೊನ್ನೆ ನೋಡಿದಾಗ ಇಳಿದಿತ್ತು. ನನಗೆ ಪತ್ರ ಅಂಚೆಗೆ ಹಾಕಿದ್ದು ದವಾಖಾನೆಗೆ ಹೋಗುವ ಮೊದಲು. ಡಾಕ್ಟರು ಕೊನೆಗೆ ಹೇಳಿದ್ದಿಷ್ಟು: "ಹಿಂಡಿ ರೊಟ್ಟಿ ಜೋಡಿ ತಿನ್ರಿ, ಗುಳಿಗಿ ನೀರಿನ ಜೋಡಿ ನುಂಗ್ರಿ."

ಆಗ ನೀರು ಕುಡಿದೆ. ಇಡೀ ತಂಬಿಗೆ.

ಊಟಕ್ಕೆ ಕೂರಿಸಿದರು. ತಪ್ಪಾಯಿತು ಎಂದೆ. ಅಕ್ಕೋರು ರೊಟ್ಟಿ ಬಡಿಸುತ್ತ, "ನಮ್ಮ ಸಾಲ್ಯಾಗ ಬರೇ ಉತ್ತರ ಬರದ್ರ ನಾ ಮಾರ್ಕ್ಸ್ ಕೊಡ್ತಿರ್ಲಿಲ್ಲ. ಹೆಂಗ ಬಿಡಿಸಿದಿ ತೋರ್ಸು ಅಂತಿದ್ದೆ" ಎಂದರು.

"ಮತ್ತ ನನಗ ಹೆಂಗ ಕೊಟ್ರಿ?"

"ನಮ್ಮ ಹಿಂಡೀನ್ನ ಹೊಗಳಿದ್ದಿ ತಂಗಿ. ಅದಕ್ಕ ಲೆಕ್ಕಾನ ಕೇಳ್ಲಿಲ್ಲ."

ಯಜಮಾನರು ನಕ್ಕರು. "ಜೋಳದ ರೊಟ್ಟಿ ಕೆಟ್ಟದು ಅಂತ ಯಾರರ ಬರದಿದ್ರ ಇಬ್ಬರೂ ಕೂಡಿ ಪುರಾವೆ ಕೇಳ್ತಿದ್ರಿ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಮೀನಗಡ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಮನಸ್ಸು ಅಷ್ಟು ಹಗುರ. ನನ್ನ ಮಾತನ್ನು ಪೂರ್ತಿ ನಂಬದ ಒಬ್ಬ ಗಂಡ, ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದ ಒಬ್ಬ ಡಾಕ್ಟರು. ಅಂಕಣಕಾರ್ತಿಯೊಬ್ಬಳ ಪುಣ್ಯಕ್ಕೆ ಇಷ್ಟು ಸಾಕು.

ಇನ್ನು ಓದುಗರಾದ ನಿಮ್ಮನ್ನು ಒಂದು ಮಾತು ಕೇಳಬೇಕು. ಹುನಗುಂದದಿಂದ ಪತ್ರ ಬಂತು, ಹೋಗಿ ನೋಡಿ ಬಂದೆ.

ಪತ್ರ ಬರೆಯದೇ ಗುಳಿಗೆ ಬಿಟ್ಟವರು ಯಾರಾದರೂ ಇದ್ದೀರಾ?