ಸವಾಲೂ ನಿಮ್ದೇ, ಜವಾಬೂ ನಿಮ್ದೇ

ಯಾರ ಮಾತನ್ನಾದರೂ ತಾಳ್ಮೆಯಿಂದ ಕೇಳುವವಳು ನಾನು ಎಂಬ ಹೆಮ್ಮೆ ನನಗಿತ್ತು. ಬೀದರಿನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಒಮ್ಮೆ ಎದ್ದು ನಿಂತು, ಪಾಲಕರ ಮಾತನ್ನು ಮೊದಲು ಕೇಳಬೇಕು ಎಂದು ಅರ್ಧ ತಾಸು ಭಾಷಣ ಬಿಗಿದಿದ್ದೆ. ಆ ಅರ್ಧ ತಾಸು ನಾನೊಬ್ಬಳೇ ಮಾತಾಡಿದ್ದೆ ಅನ್ನುವುದು ನನಗಾಗಲಿ, ಚಪ್ಪಾಳೆ ತಟ್ಟಿದವರಿಗಾಗಲಿ ಹೊಳೆಯಲಿಲ್ಲ.

ಆಗ ನಾನು ಔರಾದ ಕಡೆಯ ಒಂದು ಹಳ್ಳಿಯ ಸಾಲೆಯಲ್ಲಿ ಟೀಚರ್. ಮನೆ ನೌಬಾದದಲ್ಲಿ, ದಿನಾ ಬಸ್ಸಿನ ಓಡಾಟ. ಮಳೆ ಕೈಕೊಟ್ಟು ಎರಡು ವರ್ಷವಾಗಿ ಮೂರನೆಯದು ನಡೆದಿತ್ತು. ದಸರೆ ಮುಗಿಯುತ್ತಲೇ ಊರಿನ ಜನ ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಡುತ್ತಿದ್ದರು. ತಿರುಗಿ ಬರುವುದು ಯುಗಾದಿಗೆ. ಅವರ ಜೊತೆ ನನ್ನ ಮಕ್ಕಳೂ ಹೋಗುತ್ತಿದ್ದವು. ಹೊರಡುವ ಮುಂಚೆ ಮನೆಮನೆಗೆ ಹೋಗಿ, ಮಕ್ಕಳನ್ನಾದರೂ ಬಿಟ್ಟುಹೋಗಿರಿ ಎಂದು ಗಂಟಲು ಹರಿದುಕೊಳ್ಳುವುದು ನನ್ನ ಕೆಲಸ. ಒಬ್ಬರೂ ಬಿಡುತ್ತಿರಲಿಲ್ಲ. ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಎಂದು ಬೈದುಕೊಳ್ಳುತ್ತ ಬಸ್ಸು ಹತ್ತುತ್ತಿದ್ದೆ.

ಆ ವರ್ಷ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪಾಠವನ್ನು ಒಂದೇ ಉಸಿರಿಗೆ ತಪ್ಪಿಲ್ಲದೆ ಓದುವವಳು ಅವಳೊಬ್ಬಳೇ. ಈ ಒಂದು ವರ್ಷ ಕೈಬಿಡದೆ ಕೂತರೆ ಔರಾದಿನ ಹೈಸ್ಕೂಲು ಸೇರುತ್ತಾಳೆ, ಇವಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದಿದ್ದೆ.

ಟೋಳಿ ಹೊರಡುವ ಹಿಂದಿನ ದಿನ ಅವಳ ತಾಯಿ ತಾನಾಗಿ ಸಾಲೆಗೆ ಬಂದಳು. ಬಾಗಿಲ ಹೊರಗೇ ನಿಂತು ಸೆರಗು ಸರಿಮಾಡಿಕೊಂಡಳು.

"ಬಾಯಾರ, ಹುಡುಗಿದು ಒಂದು ಮಾತಿತ್ರಿ…"

"ಗೊತ್ತದ ತಾಯಿ. ಟೋಳಿ ಹೊಂಟದ, ಕರ್ಕೊಂಡು ಹೋಗ್ತೇವಂತೀರಿ."

"ಅದಲ್ಲರಿ, ನಾ ಏನಂತೀನಂದ್ರ…"

"ಮನ್ಯಾಗ ನೋಡ್ಕೊಳ್ಳೋರು ಯಾರೂ ಇಲ್ಲ. ಅಷ್ಟೇ ಅಲ್ಲ?"

"ಹೌದ್ರಿ, ಇಲ್ಲರಿ. ಅದಕ್ಕ…"

"ನಾನರ ಏನ್ ಮಾಡ್ಲಿ ಹೇಳ್ರಿ? ಎಲ್ಲರ ಮಕ್ಕಳಿಗೂ ನನ್ನ ಮನ್ಯಾಗ ಇಟ್ಕೊಳ್ಳಾಕ ಆಗ್ತದೇನು?"

ಅವಳು ತಲೆ ತಗ್ಗಿಸಿ, "ಇಲ್ಲ ಬಿಡ್ರಿ, ಹ್ಯಾಂಗ ಆಗ್ತದ," ಅಂದಳು. ಹುಡುಗಿಗೆಂದು ಎರಡು ನೋಟುಬುಕ್ಕು ಅವಳ ಕೈಗಿಟ್ಟು ಬೆನ್ನು ಸವರಿದೆ. ಪಾಪ, ಎಷ್ಟು ಸಮಾಧಾನದಿಂದ ಮಾತಾಡಿ ಕಳಿಸಿದೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆ ಬೇರೆ.

ಮಾರನೆಯ ದಿನ ಹುಡುಗಿಯ ಜಾಗ ಖಾಲಿ. ನಾನು ಎದುರಿಗೆ ಸಿಕ್ಕವರ ಮೇಲೆಲ್ಲ ಹರಿಹಾಯುತ್ತಿದ್ದೆ. ಬಿಸಿಯೂಟ ಮಾಡುವ ಅಕ್ಕ ಬೇಳೆ ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು: "ಸಿಟ್ಟಿಗಿ ಬರಬ್ಯಾಡ್ರಿ ಬಾಯಾರ. ನಿನ್ನಿ ಆಕಿ ಏನೋ ಹೇಳಾಕ ಬಂದಿದ್ಳು. ನೀವು ಹೇಳಗೊಡಲಿಲ್ಲ. ಸವಾಲೂ ನಿಮ್ದೇ, ಜವಾಬೂ ನಿಮ್ದೇ."

ಮೈಯೆಲ್ಲ ಉರಿದುಹೋಯಿತು. "ನಾನ? ನಾ ಹೇಳಗೊಡಲಿಲ್ಲ?"

"ಈಗ ನೋಡ್ರಿ, ನಾ ಇನ್ನ ಮಾತು ಮುಗಿಸಿಲ್ಲ," ಅಂದಳು.

ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮನೆಯಲ್ಲಿ ಯಜಮಾನರನ್ನು ಕೇಳಿದೆ: "ನಾ ಮಂದಿ ಮಾತು ನಡುವೆ ಕಡೀತೀನೇನ್ರಿ? ಇಲ್ಲ ಅಲ್ಲ?" ಅವರು ಬಾಯಿ ತೆರೆದರು, ನನ್ನ ಮುಖ ನೋಡಿದರು, ಪೇಪರ್ ಎತ್ತಿಕೊಂಡರು. ಅದನ್ನು ನಾನು ಇಲ್ಲ ಎಂದೇ ತಿಳಿದುಕೊಂಡೆ.

ಆದರೂ ಒಳಗೊಳಗೇ ಕೊರೆಯುತ್ತಿತ್ತು. ಐತವಾರ ಭಾಲ್ಕಿಗೆ, ತಂಗಿಯ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, "ನೀನೇ ಹೇಳು, ಆ ಅಡಿಗಿಯಾಕಿಗಿ ಎಷ್ಟು ಸೊಕ್ಕು!" ಅಂದೆ. ತಂಗಿ ರೊಟ್ಟಿ ಹೆಂಚಿಗೆ ಹಾಕಿ ಕೈ ಝಾಡಿಸಿಕೊಂಡಳು.

"ಅಕ್ಕಾ, ನನಗ ನೋಡಾಕ ಬಂದಾಗ ಬೀಗರು ಏನ್ ಕೇಳಿದ್ರು, ನೆನಪದ? ಹುಡುಗ ಒಪ್ಪಿಗಿ ಏನವ್ವಾ ಅಂದ್ರು. ಹ್ಞೂಂ ಅಂದಾಕಿ ನೀನು."

"ನಿನಗ ನಾಚಿಗಿ ಅಂತ…"

"ನನಗ ನಾಚಿಗಿ ಇರಲಿಲ್ಲ. ಇನ್ನೂ ಎರಡು ವರ್ಷ ಕಾಲೇಜಿಗಿ ಹೋಗ್ತೀನಿ ಅನ್ನಾಕಿ ಇದ್ದೆ." ಅಷ್ಟು ಹೇಳಿ ರೊಟ್ಟಿ ಮಗುಚಿದಳು. ಅವಳ ದೊಡ್ಡ ಮಗನಿಗೆ ಆಗಲೇ ಮೀಸೆ ಚಿಗುರಿತ್ತು. ಇಷ್ಟು ವರ್ಷ ಅವಳ ಮನೆಯಲ್ಲಿ ಉಂಡು, ನಕ್ಕು, ಹಬ್ಬ ಮಾಡಿ ಬಂದಿದ್ದ ನನಗೆ ಇದು ಗೊತ್ತೇ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯಲಿಲ್ಲ. ತರಗತಿಯಲ್ಲಿ ನಾನು "ಮಳೆ ಬರುವುದು ಮೋಡ…" ಎಂದು ನಿಲ್ಲಿಸಿದರೆ ಮಕ್ಕಳು "ದಿಂದಾ!" ಎಂದು ಕೂಗುತ್ತಿದ್ದವು. ದೊಡ್ಡವರ ಹತ್ತಿರ ಅದೇ ಆಟ ತಿರುವುಮುರುವು: ಅವರು ಉಸಿರಿಗೆ ನಿಂತರೆ ಸಾಕು, ಉಳಿದದ್ದು ನಾನು ಕೂಗುತ್ತಿದ್ದೆ. ನನ್ನ ಬಾಯಿ ನನಗೆ ಕಾಣುವುದಿಲ್ಲ, ಸರಿ. ಕೇಳಿಸಲೂಬಾರದೇ? ಥೂ, ಇದೆಂಥ ಜನ್ಮ ಅನಿಸಿತು.

ಸೋಮವಾರ ಅಡಿಗೆಯ ಅಕ್ಕನ ಮುಂದೆ ಹೋಗಿ ನಿಂತೆ. "ಇನ್ನ ಮ್ಯಾಲ ನಾ ಯಾರದಾದರೂ ಮಾತು ಕಡಿದ್ರ, ನೀ ಸೌಟು ಬಾರ್ಸು," ಅಂದೆ.

"ಬಾರಿಸ್ಲಾ? ಖರೇನ?"

"ಖರೇ."

ಬಾರಿಸಿದಳು ನೋಡಿ! ಹೆಡ್ಮಾಸ್ತರರ ಜೊತೆ ಮಾತಾಡುವಾಗ ಠಣ್. ಹಾಲಿನವನು ಬಂದರೆ ಠಣ್. ಪಾತ್ರೆ ನೆಗ್ಗಿತೇ ಹೊರತು ನನ್ನ ಚಾಳಿ ಹೋಗಲಿಲ್ಲ. ಮಕ್ಕಳು ಮುಸಿಮುಸಿ ನಗುತ್ತಿದ್ದವು. ಎಷ್ಟೋ ಸಲ ಆ ಸೌಟು ಕಿತ್ತು ಬಾವಿಗೆ ಎಸೆಯಬೇಕು ಅನಿಸಿತು. ಬಾವಿಯಲ್ಲಿ ನೀರೂ ಇರಲಿಲ್ಲ.

ಯುಗಾದಿಗೆ ಟೋಳಿ ಬಂತು. ಎರಡನೆಯ ದಿನ ತಾಯಿ ಮಗಳು ಇಬ್ಬರೂ ಸಾಲೆಗೆ ಬಂದರು. ಹುಡುಗಿ ಎತ್ತರವಾಗಿದ್ದಳು. ಮುಂಗೈ ತುಂಬ ಕಬ್ಬಿನ ಸೋಗೆ ಗೀರಿದ ಗೆರೆಗಳು. ಅವಳ ಪರೀಕ್ಷೆ ತಪ್ಪಿಹೋಗಿತ್ತು.

"ಬಾಯಾರ…" ಅಂದಳು ತಾಯಿ.

"ಗೊತ್ತದ, ಪರೀಕ್ಷಾದ ಫಿಕರ್…"

ಠಣ್.

ತುಟಿ ಕಚ್ಚಿ ಹಿಡಿದೆ. ತಾಯಿ ಅಡಿಗೆಮನೆಯ ಕಡೆ ನೋಡಿದಳು, ನನ್ನನ್ನು ನೋಡಿದಳು. ಯಾರೂ ಮಾತಾಡದ ಆ ಹೊತ್ತನ್ನು ತಡೆದುಕೊಳ್ಳುವುದು ನನಗೆ ಎಷ್ಟು ಕಷ್ಟವಾಯಿತೆಂದರೆ, ಕಾಲ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

"ಆವತ್ತು ಹೇಳಬೇಕಂತ ಬಂದಿದ್ದೆರಿ," ಅಂದಳು ಕೊನೆಗೆ. "ನಿಮ್ಮ ಮನ್ಯಾಗ ಇಟ್ಕೋರಿ ಅಂತ. ಭಾಂಡಿ ತಿಕ್ತಾಳ, ಕಸಾ ಹೊಡೀತಾಳ, ನಿಮ್ಮ ಕೂಡೇ ಬಸ್ಸಿನ್ಯಾಗ ಸಾಲಿಗಿ ಬರ್ತಾಳ ಅಂತ ಕೇಳಾಕಿ ಇದ್ದೆ. ನಾ ಕೇಳೂಕಿಂತ ಮುಂಚೇನೇ ನೀವು ಆಗೂದಿಲ್ಲ ಅಂದ್ರಿ."

ನೌಬಾದದ ನಮ್ಮ ಮನೆಯ ಮುಂದಿನ ಕೋಣೆ ಅಷ್ಟೂ ತಿಂಗಳು ಖಾಲಿ ಬಿದ್ದಿತ್ತು. ಕೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆ. ದೇವರಾಣೆ, ಎರಡು ಮಾತಿಲ್ಲದೆ ಇಟ್ಟುಕೊಳ್ಳುತ್ತಿದ್ದೆ.

ಹುಡುಗಿಯ ಕಡೆ ತಿರುಗಿದೆ. "ಈ ಸಲ ಬಾ, ನನ್ನ ಮನ್ಯಾಗ ಇರು. ಏಳನೇತ್ತೆ ಮತ್ತ ಓದು. ಬರ್ತೀಯೇನು? ನೀನೇ ಹೇಳು," ಅಂದು ಬಾಯಿ ಮುಚ್ಚಿಕೊಂಡು ನಿಂತೆ.

ಅವಳು ಹೇಳಲಿಲ್ಲ. ಉತ್ತರವನ್ನೂ ನಾನೇ ಹೇಳಿಕೊಡುತ್ತೇನೆಂದು ನನ್ನ ಬಾಯನ್ನೇ ನೋಡುತ್ತ ಕಾದಳು.