ಗಲ್ಲದ ಗೆರೆ

ಶ್ರೀರಂಗಪಟ್ಟಣದ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ನಮ್ಮದು ಅಕ್ಕಸಾಲಿಗರ ಮನೆ. ಅಪ್ಪ ಕೂತು ಓಲೆ, ಮೂಗುಬೊಟ್ಟು ಮಾಡುತ್ತಿದ್ದ ಜಾಗದಲ್ಲೇ ಈಗ ನನ್ನ ಕಂಪ್ಯೂಟರ್ ಇದೆ. ಅರ್ಜಿಗೆ ಅಂಟಿಸುವ ಫೋಟೊ, ಮದುವೆ ಆಲ್ಬಂ ಎಲ್ಲ ಮಾಡುತ್ತೇನೆ. ಆದರೆ ನನಗೆ ಬಲು ಇಷ್ಟದ ಕೆಲಸವೆಂದರೆ ಹಳೆಯ ಫೋಟೊಗಳ ಕಲೆ, ಗೀರು ತೆಗೆದು ಹೊಸದು ಮಾಡಿಕೊಡುವುದು.

ಹೋದ ವರ್ಷ ಪಾಲಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವವರು, ವಯಸ್ಸು ನಲವತ್ತೈದರ ಆಸುಪಾಸು. ಸೆರಗಿನಲ್ಲಿ ಸುತ್ತಿಕೊಂಡಿದ್ದ ಫೋಟೊವೊಂದನ್ನು ಮೇಜಿನ ಮೇಲಿಟ್ಟರು. ಊರಿನ ಹಾಲಿನ ಡೈರಿಯ ಮುಂದೆ ಹನ್ನೊಂದು ಜನ ಹೆಂಗಸರು ಎರಡು ಸಾಲಾಗಿ ನಿಂತಿದ್ದರು. ನೀರು ಬಿದ್ದು ಅಂಚು ಉಬ್ಬಿತ್ತು, ಮೇಲೆಲ್ಲ ಗೀರು.

"ಇಂದ್ಗಡೆ ಸಾಲಲ್ಲಿ ಎರಡ್ನೇದು ನಮ್ಮಕ್ಕ ಕಣವ್ವ. ಮಗೀಗೆ ಎರಡು ವರ್ಸ ಇದ್ದಾಗ್ಲೇ ಓಗ್ಬುಟ್ಲು. ಆ ಮಗೀನ ಸಾಕ್ದೋಳು ನಾನೇಯ. ಬರೋ ತಿಂಗ್ಳು ಅವ್ಳ ಮದ್ವೆ. ಅಕ್ಕಂದು ಬ್ಯಾರೆ ಪಟ ಒಂದೂ ಇಲ್ಲ. ಇದನ್ನೇ ದೊಡ್ಡದು ಮಾಡ್ಕೊಡು, ಚತ್ರದಲ್ಲಿ ಇಡ್ಬೇಕು" ಎಂದರು.

ಅಕ್ಕನ ಮುಖ ನನ್ನ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗಿತ್ತು. ಆಗಲಿ ಎಂದು ಒಪ್ಪಿಕೊಂಡೆ.

ಮುಖ ಸ್ಪಷ್ಟವಾಗಿ ಬರಲಿ ಎಂದು ಸ್ಕ್ಯಾನರಿನಲ್ಲಿ ಇದ್ದ ಅತಿ ಹೆಚ್ಚಿನ ಅಳತೆಗೆ ಇಡೀ ಫೋಟೊ ಸ್ಕ್ಯಾನ್ ಮಾಡಿದೆ. ಒಂದೊಂದು ಕಲೆ ತಿದ್ದಲೂ ಲೇಯರ್ ಎನ್ನುವ ಒಂದೊಂದು ಹೊಸ ಪದರ ಮೇಲಿಡುತ್ತ ಹೋದೆ. ಎರಡನೇ ದಿನಕ್ಕೇ ಕಂಪ್ಯೂಟರ್ ಏದುಸಿರು ಬಿಡುವಂತೆ ಸದ್ದು ಮಾಡತೊಡಗಿತು. ಮೌಸಿನಿಂದ ಕುಂಚ ಎಳೆದರೆ ಅದರ ಗೆರೆ ತೆರೆಯ ಮೇಲೆ ಮೂಡುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮೆಮೊರಿ ಸಾಲದು ಎಂಬ ಸೂಚನೆ ಬಂತು. ಗಾಬರಿಯಾಗಿ ಸೇವ್ ಮಾಡಲು ಹೋದೆ. ಅದಕ್ಕೂ ಜಾಗವಿಲ್ಲ ಎಂದು ಅರ್ಧಕ್ಕೇ ನಿಂತು, ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಆ ಫೈಲು ಕೆಟ್ಟುಹೋಗಿತ್ತು. ಮೂರು ದಿನದ ಕೆಲಸವೆಲ್ಲ ಅದರೊಳಗೇ ಇತ್ತು. ಅಳು ಬಂತು.

ನನಗೆ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ಪಾಂಡವಪುರದಲ್ಲಿದ್ದ. ಫೋನ್ ಮಾಡಿ ಎಲ್ಲ ಹೇಳಿದೆ.

"ಅಕ್ಕ, ನಿಮ್ಗೆ ಬೇಕಾಗಿರೋದು ಒಬ್ರ ಮಖ. ಅನ್ನೊಂದು ಜನಾನೂ ಡೈರಿ ಗೋಡೆನೂ ಯಾಕೆ ಒತ್ಕೊಂಡು ಕುಂತಿದ್ದೀರಿ?" ಎಂದು ನಕ್ಕ. ಆಮೇಲೆ ಸಮಾಧಾನವಾಗಿ ವಿವರಿಸಿದ. ಮೆಮೊರಿ ಸಾಲದಿದ್ದಾಗ ಸಾಫ್ಟ್‌ವೇರ್ ಡಿಸ್ಕಿನ ಖಾಲಿ ಜಾಗ ಬಳಸಿಕೊಳ್ಳುತ್ತದೆ. ನನ್ನ ಡಿಸ್ಕಿನ ತುಂಬ ಊರಿನವರ ಮದುವೆಗಳೇ ತುಂಬಿದ್ದವು. ಅದೂ ಸಾಲದೆಂದು, ಬೇಗ ಓಡಲಿ ಅಂತ ಸೆಟ್ಟಿಂಗಿನಲ್ಲಿ ಇದ್ದಬದ್ದ ಮೆಮೊರಿಯನ್ನೆಲ್ಲ ಆ ಒಂದು ಸಾಫ್ಟ್‌ವೇರಿಗೇ ಕೊಟ್ಟುಬಿಟ್ಟಿದ್ದೆ. "ಕಂಪ್ಯೂಟ್ರಿಗೂ ಉಸ್ರಾಡಾಕೆ ಒಸಿ ಬುಡಿ ಅಕ್ಕ" ಎಂದ.

ಅವನು ಹೇಳಿದಂತೆಯೇ ಹಳೆಯ ಮದುವೆಗಳನ್ನು ಇನ್ನೊಂದು ಡಿಸ್ಕಿಗೆ ಸಾಗಿಸಿದೆ, ಸೆಟ್ಟಿಂಗ್ ತಗ್ಗಿಸಿದೆ, ಅಕ್ಕ ನಿಂತಿದ್ದ ಭಾಗವನ್ನಷ್ಟೇ ಹೊಸದಾಗಿ ಸ್ಕ್ಯಾನ್ ಮಾಡಿದೆ. ಮರುದಿನ ಬೆಳಿಗ್ಗೆ ಫೈಲು ಸರಾಗವಾಗಿ ತೆರೆದುಕೊಳ್ಳುವ ಹೊತ್ತಿಗೆ ಪಾಲಹಳ್ಳಿಯ ಆ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಹಸುವಿಗೆ ಬೂಸ ತರಲು ಬಂದವರು ಹಾಗೇ ವಿಚಾರಿಸಿಕೊಂಡು ಹೋಗಲು ಬಂದಿದ್ದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅಮ್ಮ, ಕಂಪ್ಯೂಟ್ರು ಕೆಟ್ಟು ಮಾಡಿದ್ದೆಲ್ಲ ಹೋಯ್ತು. ಮತ್ತೆ ಮೊದಲಿಂದ ಶುರು ಮಾಡ್ಬೇಕು" ಎಂದೆ.

"ಅದ್ಕೇನಂತೆ ಬುಡವ್ವ, ಇನ್ನೊಂದ್ ಸಲ ಮಾಡೀಯೆ" ಎಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು.

ತೆರೆಯ ತುಂಬ ಅಕ್ಕನ ಮುಖ ಬಂದಾಗ ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಷ್ಟು ದೊಡ್ಡದಾಗಿ ಎಷ್ಟೋ ವರ್ಷದಿಂದ ಆ ಮುಖ ಕಂಡಿರಲಿಲ್ಲ. ಆಮೇಲೆ ನಾನು ಗೀರುಗಳನ್ನು ಒರೆಸತೊಡಗಿದೆ. ಹಣೆಯದು ಹೋಯಿತು, ಕೆನ್ನೆಯದು ಹೋಯಿತು. ಕುಂಚ ಗಲ್ಲದ ಹತ್ತಿರ ಬರುತ್ತಲೇ ನನ್ನ ಮಣಿಕಟ್ಟು ಹಿಡಿದುಬಿಟ್ಟರು.

"ಅಯ್ಯೋ, ಅದ ಮುಟ್ಬ್ಯಾಡ! ಅದು ಪಟದ ಗೀರಲ್ಲ, ಅಕ್ಕಂದು!"

ನಾನು ಮೌಸ್ ಬಿಟ್ಟು ಅವರತ್ತ ತಿರುಗಿದೆ.

"ನಂಗಾಗ ಏಳು ವರ್ಸ. ಕಟ್ಟಾಕಿದ್ ಅಗ್ಗ ಕಿತ್ಕೊಂಡು ಅಸ ನನ್ ಮ್ಯಾಲೇ ಬಂದ್ಬುಡ್ತು. ಅಕ್ಕ ಓಡ್ಬಂದು ಅಡ್ಡ ನಿಂತ್ಕಂಡ್ಲು. ಕೊಂಬು ಇಲ್ಲಿಗೆ ತಾಕ್ತು" ಎಂದು ತಮ್ಮ ಗಲ್ಲವನ್ನೇ ಮುಟ್ಟಿ ತೋರಿಸಿದರು.

ಕೆಟ್ಟುಹೋದ ಆ ಫೈಲಿನಲ್ಲಿ ಮೊದಲ ದಿನವೇ ಆ ಗೆರೆಯನ್ನು ಒರೆಸಿಹಾಕಿದ್ದೆ. ಎಷ್ಟು ನಯವಾಗಿ ಒರೆಸಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೂ ಇದ್ದೆ. ಅದನ್ನು ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. "ನಿಂಗೆಂಗ್ ಗೊತ್ತಾಯ್ತದೆ ಮಗ" ಎಂದು ಬೆನ್ನು ತಟ್ಟಿದರು.

ಅಂದು ಮಧ್ಯಾಹ್ನದವರೆಗೂ ಅವರು ಏಳಲಿಲ್ಲ. "ಇಷ್ಟು ಬೆಳ್ಳುಗಿರ್ನಿಲ್ಲ, ಬಿಸ್ಲಲ್ಲಿ ಗೇದೋಳು" ಎಂದರು, ಬಣ್ಣ ತಗ್ಗಿಸಿದೆ. ಮೂಗುಬೊಟ್ಟಿನ ಕಲ್ಲು ಕೆಂಪೆಂದರು, ಕೆಂಪು ಮಾಡಿದೆ. ಹತ್ತು ನಿಮಿಷಕ್ಕೊಮ್ಮೆ ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತಿದ್ದೆ. ಗಲ್ಲದ ಗೆರೆಯ ಹತ್ತಿರಕ್ಕೆ ಮಾತ್ರ ಕುಂಚ ಒಯ್ಯಲಿಲ್ಲ.

ಕಟ್ಟು ಹಾಕಿಸಿದ ಪಟ ಒಯ್ಯಲು ವಾರದ ನಂತರ ಇಬ್ಬರು ಬಂದರು, ಅವರು ಮತ್ತು ಮದುಮಗಳು. ಹುಡುಗಿ ಬಹಳ ಹೊತ್ತು ಪಟವನ್ನೇ ನೋಡಿ ಕೇಳಿದಳು:

"ಚಿಕ್ಕವ್ವ, ಇದ್ರಲ್ಲಿ ಅವ್ವಂಗೆ ಎಷ್ಟು ವರ್ಸ?"

"ಇಪ್ಪತ್ತೆರಡೋ ಇಪ್ಪತ್ಮೂರೋ."

"ಅಂಗಾರೆ ನಂಗಿಂತ ಚಿಕ್ಕೋಳು" ಎಂದಳು ಹುಡುಗಿ. ಚಿಕ್ಕವ್ವ ಅವಳ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು.

ಅಂಗೈಯಗಲದ ಎರಡು ಪ್ರತಿ ಬೇರೆ ತೆಗೆದಿಟ್ಟಿದ್ದೆ. ಒಂದನ್ನು ಹುಡುಗಿಗೆ ಕೊಟ್ಟೆ. ಇನ್ನೊಂದನ್ನು ಅವರತ್ತ ಚಾಚಿದಾಗ, "ನಂಗ್ಯಾಕವ್ವ ಇದು" ಎನ್ನುತ್ತಲೇ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣ ತಾಗದಂತೆ ಎರಡು ವೀಳ್ಯದೆಲೆಯ ನಡುವೆ ಸೇರಿಸಿ ಒಳಗಿಟ್ಟುಕೊಂಡರು.